ಕೇಕ್ ಪುಡಿಯಲ್ಲಿ ಪೋಷಕಾಂಶ ಎಷ್ಟು?

ರಾಯಚೂರು ನಗರದ ಅಂಗಡಿಯ ಕೇಕ್ ಪುಡಿ ಈಗ ದೇವದುರ್ಗ, ಮಾನ್ವಿಯ ರೈತರ ಮನೆಗೂ ಬರುತ್ತಿದೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸುವುದು ಕಡ್ಡಾಯ. ಸಾಮಾನ್ಯವಾಗಿ ಸಕ್ಕರೆ, ಮೈದಾಗಳೇ ಮೊದಲಿರುತ್ತವೆ. ಚಿತ್ರ ನೋಡಿ ಕೊಳ್ಳುವ ತಾಯಂದಿರು ಇದನ್ನು ಓದುವುದೇ ಇಲ್ಲ! ಬೆಳೆಯುವ ಮಕ್ಕಳಿಗೆ ಬೇಕಾದ ಸಸಾರಜನಕ ಹೆಚ್ಚಾಗಿ ಸಿಗುವುದು ಮನೆಯಲ್ಲಿ ಬೆರೆಸುವ ಹಾಲು, ಮೊಟ್ಟೆಯಿಂದ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಮೈದಾದಲ್ಲಿ ಕಬ್ಬಿಣ ಸುಮಾರು 1.8 ಮಿ.ಗ್ರಾಂ, ನಾರು 2.8 ಗ್ರಾಂ. ಖುಷ್ಕಿ ಹೊಲದ ಜೋಳದಲ್ಲಿ ಇವು ಕ್ರಮವಾಗಿ 4 ಮತ್ತು 10, ಸಜ್ಜೆಯಲ್ಲಿ 6.4 ಮತ್ತು 11.5. ರಕ್ತಹೀನತೆಯುಳ್ಳ ಮಕ್ಕಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸಜ್ಜೆಗೆ ಗೋಧಿಯ ಅಂಟುಗುಣವಿಲ್ಲ. ಅರ್ಧದಷ್ಟು ಗೋಧಿ ಹಿಟ್ಟು ಸೇರಿಸಿದರೆ ಕೇಕ್ ಉಬ್ಬುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಬೇಕಾದಷ್ಟನ್ನೇ ಬೀಸಿಸಿಕೊಳ್ಳಬೇಕು.