ಗೋಕಾವಿ ಸೀಮೆಯ ಹೆಸರುಗಳಲ್ಲಿ ಮಲೆ, ಹೊಳೆ, ಹೂವು ಮತ್ತು ಬಣ್ಣ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಅಡಿವೆಪ್ಪ, ಗಿರೆಪ್ಪ, ಕಲ್ಲಪ್ಪ, ಕೆಂಚಪ್ಪ, ಮಲ್ಲವ್ವ, ಸಂಗವ್ವ, ಕರೆವ್ವ, ನೀಲವ್ವ ಮೊದಲಾದ ಹೆಸರುಗಳು ಅಜ್ಜ-ಅಜ್ಜಿಯರ ತಲೆಮಾರಿನಲ್ಲಿ ಓಣಿ ಓಣಿಗೂ ಕೇಳಿಬರುತ್ತವೆ. ಮೊಮ್ಮಕ್ಕಳ ತಲೆಮಾರಿನಲ್ಲಿ ಇವು ವಿರಳವಾಗುತ್ತಲಿವೆ. ಅಡವಿ, ಕಲ್ಲು, ಕರಿದು, ಕೆಂಚು ಇವೂ ಮನುಷ್ಯರಿಗೆ ಇಡತಕ್ಕ ಹೆಸರುಗಳೇ ಎಂಬ ಸಂಕೋಚವು ಇದಕ್ಕೆ ಬಹುಮಟ್ಟಿಗೆ ಕಾರಣವಾಗಿದೆ. ಈ ಸಂಕೋಚವು ಹೆಸರಿನ ಅರ್ಧ ಅರ್ಥವನ್ನು ಮಾತ್ರ ಬಲ್ಲವರಲ್ಲಿ ಹುಟ್ಟತಕ್ಕದ್ದು. ನಿಘಂಟಿನಲ್ಲಿ ಅಡವಿ ಎಂದರೆ ಕಾಡು, ಕಲ್ಲು ಎಂದರೆ ಶಿಲೆ. ಅಷ್ಟಕ್ಕೇ ನಿಂತರೆ ಅಡಿವೆಪ್ಪನು ಕಾಡಿನವನೂ ಕಲ್ಲಪ್ಪನು ಕಲ್ಲಿನಂಥವನೂ ಆಗುತ್ತಾರೆ. ಆದರೆ ಈ ಸೀಮೆಯ ಜನರು ಕಾಡನ್ನೋ ಕಲ್ಲನ್ನೋ ನೋಡಿ ನೇರವಾಗಿ ಕೂಸಿಗೆ ಹೆಸರಿಟ್ಟವರಲ್ಲ. ಪ್ರಕೃತಿಯ ಶಬ್ದವು ಮೊದಲು ಒಂದು ಕ್ಷೇತ್ರಕ್ಕೆ, ಒಬ್ಬ ದೇವರಿಗೆ ಅಥವಾ ಒಬ್ಬ ಗುರುವಿಗೆ ಸಂದು, ಅಲ್ಲಿಂದ ತೊಟ್ಟಿಲಿಗೆ ಇಳಿದಿದೆ. ನಡುವಿನ ಆ ಮೆಟ್ಟಿಲನ್ನು ಮರೆತುದರಿಂದಲೇ ಹೆಸರು ಒರಟಾಗಿ ಕೇಳಿಸುತ್ತದೆ.

ಅಡಿವೆಪ್ಪ ಎಂಬ ಹೆಸರನ್ನೇ ಮೊದಲು ಪರಿಶೀಲಿಸಬಹುದು. ಗೋಕಾಕ ತಾಲೂಕಿನ ಅಂಕಲಗಿಯಲ್ಲಿ ಅಡವಿಸಿದ್ಧೇಶ್ವರ ಮಠವಿದೆ. ಅಡವಿಯಲ್ಲಿ ತಪಗೈದು ಸಿದ್ಧಿ ಪಡೆದ ಮಹಾತ್ಮನೆಂಬುದೇ ಅಡವಿಸಿದ್ಧ ಎಂಬ ನಾಮದ ಅರ್ಥ. ಆ ಮಠಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಗಂಡು ಕೂಸು ಅಡಿವೆಪ್ಪನೂ ಹೆಣ್ಣು ಕೂಸು ಅಡಿವೆವ್ವಳೂ ಜಂಗಮರ ಮನೆಯ ಕೂಸು ಅಡಿವಯ್ಯನೂ ಆಗುವುದು ಸಹಜ. ಇಲ್ಲಿ ಅಡವಿ ಎಂಬುದು ತಪೋವನ, ನಾಗರಿಕತೆಯಿಲ್ಲದ ಸ್ಥಳವಲ್ಲ. ಶಬ್ದರೂಪದ ದೃಷ್ಟಿಯಿಂದಲೂ ಈ ಹೆಸರು ಕುತೂಹಲಕರವಾಗಿದೆ. ಅಡವಿ, ಅಪ್ಪ ಎಂಬೆರಡು ಪದಗಳು ಕೂಡುವಾಗ ಯಕಾರವು ಆಗಮವಾಗಿ ಅಡವಿಯಪ್ಪ ಎಂದಾಗಬೇಕು. ಹಾಗೆ ಆದ ಮೇಲೆ ಆಡುಮಾತಿನಲ್ಲಿ 'ಇಯ' ಎಂಬ ಭಾಗವು ಕುಗ್ಗಿ ಎಕಾರವಾಗುತ್ತದೆ. ಗಿರಿಯಪ್ಪ ಗಿರೆಪ್ಪನಾದದ್ದೂ, ಕರಿಯಪ್ಪ ಕರೆಪ್ಪನಾದದ್ದೂ, ಕಸ್ತೂರಿಯವ್ವ ಕಸ್ತೂರೆವ್ವಳಾದದ್ದೂ ಇದೇ ಕ್ರಮದಿಂದ. ಗೌರಿ, ಗಂಗಾ, ನೀಲಾ ಎಂಬ ಹೆಸರುಗಳ ಮುಂದೆ ಅವ್ವ ಬಂದಾಗ ಮಾತ್ರ ಹಿಂದಿನ ಸ್ವರವು ಲೋಪವಾಗಿ ಗೌರವ್ವ, ಗಂಗವ್ವ, ನೀಲವ್ವ ಎಂದಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳಿದ ಲೋಪ ಮತ್ತು ಆಗಮ ಸಂಧಿಗಳೆರಡೂ ಓಣಿಯ ಕೂಗಿನಲ್ಲಿ ಹೀಗೆ ಜೀವಂತವಾಗಿವೆ. ಇವನ್ನು ಅಪಭ್ರಂಶವೆಂದು ಹಳಿಯುವವರು ಇದನ್ನು ಗಮನಿಸಬೇಕು.

ಮಲ್ಲಪ್ಪ, ಮಲ್ಲವ್ವ, ಮಲ್ಲಯ್ಯ, ಗಿರಿಮಲ್ಲಪ್ಪ, ಚನ್ನಮಲ್ಲಪ್ಪ ಎಂಬ ಹೆಸರುಗಳ ಮೂಲವು ಇನ್ನೂ ಆಳವಾದದ್ದು. ಇವೆಲ್ಲವುಗಳ ಹಿಂದೆ ನಿಂತಿರುವವನು ಶ್ರೀಶೈಲದ ಮಲ್ಲಿಕಾರ್ಜುನ. ಸಂಸ್ಕೃತದಲ್ಲಿ ಮಲ್ಲಿಕಾ ಎಂದರೆ ಮಲ್ಲಿಗೆ. ಅರ್ಜುನ ಎಂಬುದು ಪಾಂಡವರಲ್ಲೊಬ್ಬನ ಹೆಸರಾಗುವ ಮೊದಲು ಬಿಳುಪು ಎಂಬರ್ಥದ ಬಣ್ಣದ ಮಾತು. ಮಲ್ಲಿಗೆಯಂತೆ ಬೆಳ್ಳಗಿರುವವನು ಮಲ್ಲಿಕಾರ್ಜುನ. ಚಂದ್ರಾವತಿ ಎಂಬ ರಾಜಪುತ್ರಿಯು ಮಲ್ಲಿಗೆಯ ಹೂಗಳಿಂದ ಲಿಂಗವನ್ನು ಪೂಜಿಸಿದಳೆಂಬ ಸ್ಥಳಪುರಾಣವೂ ಇದನ್ನೇ ಪುಷ್ಟಿಗೊಳಿಸುತ್ತದೆ. ಅಕ್ಕಮಹಾದೇವಿಯ ಅಂಕಿತವಾದ ಚನ್ನಮಲ್ಲಿಕಾರ್ಜುನ ಎಂಬುದರಲ್ಲಿ ಚೆಲುವು, ಹೂವು, ಬಣ್ಣ ಮೂರೂ ಒಂದೇ ಪದದಲ್ಲಿ ಕೂಡಿವೆ. ಹಿಂದೆ ಬೆಳಗಾವಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟಿಸಿದ 'ಸ್ಪೀಕಿಂಗ್ ಆಫ್ ಶಿವ' ಗ್ರಂಥದಲ್ಲಿ ಈ ಅಂಕಿತವನ್ನು ಹಾಗೆಯೇ ಉಳಿಸದೆ ಮಲ್ಲಿಗೆಯ ಬಿಳುಪಿನ ಅರ್ಥದಲ್ಲಿಯೇ ಅನುವಾದಿಸಿದರು. ಅದರಿಂದ ಕನ್ನಡವರಿಯದ ಓದುಗರಿಗೆ ಕಂಡ ಮಲ್ಲಿಗೆಯು ಕನ್ನಡಿಗರ ಮನೆಯ ಮಲ್ಲವ್ವನಲ್ಲಿ ಕನ್ನಡಿಗರಿಗೇ ಕಾಣದೆ ಹೋಗಿದೆ ಎನ್ನಬೇಕಾಗುತ್ತದೆ.

ಮಲ್ಲ ಶಬ್ದಕ್ಕೆ ಮಲೆ ಎಂಬ ಅಚ್ಚಗನ್ನಡ ಮೂಲವನ್ನು ಹೇಳುವವರೂ ಉಂಟು. ಮಲೆಯ ಮೇಲಿನ ಅಯ್ಯನೇ ಮಲ್ಲಯ್ಯ ಎಂಬುದು ಅವರ ವಾದ. ಜಟ್ಟಿ ಎಂಬರ್ಥದ ಮಲ್ಲ ಶಬ್ದವೂ ಬೇರೆ ಇದೆ; ಗರಡಿಮನೆಗಳ ಈ ಸೀಮೆಯಲ್ಲಿ ಆ ಅರ್ಥವನ್ನು ಒಮ್ಮೆಲೇ ತಳ್ಳಿಹಾಕುವಂತಿಲ್ಲ. ಆದರೂ ಗಿರಿಮಲ್ಲಪ್ಪ ಎಂಬ ಜೋಡು ಹೆಸರು ಇಲ್ಲಿ ಬಳಕೆಯಲ್ಲಿರುವುದನ್ನು ನೋಡಿದರೆ, ಇಟ್ಟವರ ಮನಸ್ಸಿನಲ್ಲಿ ಇದ್ದುದು ಶ್ರೀಗಿರಿಯ ದೇವರೇ ಎಂಬುದರಲ್ಲಿ ಸಂಶಯವುಳಿಯದು. ಯುಗಾದಿಯ ಮುಂಚೆ ಈ ಭಾಗದ ಭಕ್ತರು ಮಲ್ಲಯ್ಯನ ಕಂಬಿಯನ್ನು ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ರೂಢಿ ಇಂದಿಗೂ ಇದೆ. ಹರಕೆ ಹೊತ್ತು ನಡೆದುಬಂದ ಮನೆಯಲ್ಲಿ ಹುಟ್ಟಿದ ಕೂಸಿಗೆ ಬೇರೆ ಹೆಸರನ್ನು ಯಾರೂ ಹುಡುಕುವುದಿಲ್ಲ. ಶ್ರೀಶೈಲವಿರುವ ಬೆಟ್ಟಸಾಲಿಗೆ ತೆಲುಗಿನಲ್ಲಿ ನಲ್ಲಮಲ, ಅಂದರೆ ಕರಿಯ ಮಲೆ, ಎಂಬ ಹೆಸರಿದೆ. ಕರಿಯ ಮಲೆಯ ಮೇಲೆ ಮಲ್ಲಿಗೆಯ ಬಿಳುಪಿನ ದೇವರು. ಅವನ ಪಾದದ ಕೆಳಗೆ ಹರಿಯುವವಳು ಕೃಷ್ಣೆ, ಹೆಸರಿನಿಂದ ಅವಳೂ ಕರಿಯಳು.

ಹೊಳೆಗಳ ಮಾತು ಬಂದಾಗ ಗೋಕಾವಿ ಸೀಮೆಯ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನೆನೆಯಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಹರಿಯುವ ಹಿರಣ್ಯಕೇಶಿಯು (ಹೊಂಗೂದಲಿನವಳು ಎಂದು ಇದರ ಅರ್ಥ, ಹೊಳೆಗೂ ಬಣ್ಣದ ಹೆಸರೇ) ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆಯು ಗೋಕಾಕದ ಜಲಪಾತದಲ್ಲಿ ಸುಮಾರು 170 ಅಡಿ ಕೆಳಗೆ ಧುಮುಕಿ, ಮುಂದೆ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಗೆ ಮಲಪ್ರಭೆಯು ಬಂದು ಬೆರೆಯುವ ಸ್ಥಳವೇ ಕೂಡಲಸಂಗಮ. ಬಸವಣ್ಣನವರ ಇಷ್ಟದೈವಕ್ಕೆ ಹೆಸರು ಬಂದುದು ಎರಡು ಹೊಳೆಗಳ ಈ ಕೂಟದಿಂದ. ಹೀಗಿರಲಾಗಿ ಸಂಗಪ್ಪ, ಸಂಗವ್ವ, ಸಂಗಮೇಶ, ಸಂಗನಬಸಪ್ಪ ಎಂಬ ಹೆಸರುಗಳನ್ನು ಕೇವಲ ದೇವರ ಹೆಸರುಗಳೆಂದು ತಿಳಿದರೆ ಸಾಲದು. ಅವು ನೀರಿನ ಹೆಸರುಗಳೂ ಹೌದು. ಕೂಡಲಸಂಗಮವನ್ನು ದಾಟಿದ ಅದೇ ನೀರು ಶ್ರೀಶೈಲದ ಅಡಿಗೆ ತಲಪುತ್ತದೆ. ಕಂಬಿ ಹೊತ್ತವರು ದಾರಿಯಲ್ಲಿ ನಡೆದು ಹೋಗುವಲ್ಲಿಗೆ ಅವರ ಊರಿನ ಹೊಳೆಯೂ ಹೋಗುತ್ತಿರುತ್ತದೆ. ಇನ್ನು ಹೊಳೆಪ್ಪ, ಹೊಳೆವ್ವ ಎಂಬ ಹೆಸರುಗಳಿಗೆ ಹುಕ್ಕೇರಿ ತಾಲೂಕಿನ ಬಡಕುಂದ್ರಿಯ ಹೊಳೆಮ್ಮನೇ ಆಧಾರ.

ಬಸವಣ್ಣನವರ ಧರ್ಮಪತ್ನಿಯರಾದ ಗಂಗಾಂಬಿಕೆ, ನೀಲಾಂಬಿಕೆಯರ ಹೆಸರುಗಳಲ್ಲಿ ಒಂದು ಹೊಳೆಯದು, ಇನ್ನೊಂದು ಬಣ್ಣದ್ದು. ಗಂಗಾಂಬಿಕೆಯ ಐಕ್ಯಸ್ಥಳವು ಇದೇ ಜಿಲ್ಲೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿದೆ. ನೀಲಾಂಬಿಕೆಯದು ಕೃಷ್ಣಾತೀರದ ತಂಗಡಗಿಯಲ್ಲಿದೆ. ಒಂದೇ ಮನೆಯ ಅಕ್ಕತಂಗಿಯರಿಗೆ ಗಂಗವ್ವ, ನೀಲವ್ವ ಎಂದು ಹೆಸರಿಡುವಲ್ಲಿ ಶರಣೆಯರ ಸ್ಮರಣೆಯೇ ಉದ್ದೇಶ. ನೀಲಮ್ಮನು ಸ್ವತಃ ವಚನಗಳನ್ನು ರಚಿಸಿದ ಅನುಭಾವಿ ಎಂಬುದನ್ನು ಅರಿತ ಮನೆಯಲ್ಲಿ ನೀಲವ್ವ ಎಂಬ ಹೆಸರನ್ನು ಬದಲಿಸುವ ಮಾತೇ ಏಳಬಾರದು.

ಇನ್ನು ಅಚ್ಚಗನ್ನಡದ ಬಣ್ಣಗಳು. ಕರಿ, ಕೆಂಪು, ಕೆಂಚು ಇವು ಮೂರೇ ಇಲ್ಲಿ ಹೆಸರುಗಳಾಗಿ ಹೆಚ್ಚು ಬೆಳೆದಿವೆ. ಇವುಗಳಲ್ಲಿ ಕೆಲವು ದೇವರಿಂದ ಬಂದವಲ್ಲ, ಮನೆಯ ಒಂದು ಕಟ್ಟಳೆಯಿಂದ ಬಂದವು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ಭಾಗದ ಸಂಪ್ರದಾಯ. ತೊಟ್ಟಿಲ ಕಾರ್ಯದ ದಿನ ಸೋದರತ್ತೆಯು ಕೂಸಿನ ಕಿವಿಯಲ್ಲಿ ಆ ಹೆಸರನ್ನು ಉಸುರುತ್ತಾಳೆ. ಆದರೆ ಮಾವನ ಹೆಸರನ್ನು ಸೊಸೆ ನಾಲಗೆಯ ಮೇಲೆ ತರಲಾಗದು. ಹಡೆದ ತಾಯಿಯೇ ಮಗನನ್ನು ಹೆಸರು ಹಿಡಿದು ಕರೆಯಲಾರದ ಈ ಪ್ರಸಂಗದಲ್ಲಿ ಎರಡನೆಯದೊಂದು ಕರೆಯುವ ಹೆಸರು ಬೇಕಾಗುತ್ತದೆ. ಎಳೆಗೂಸಿನ ಮೈಬಣ್ಣವನ್ನು ನೋಡಿ ಕರಿಯಾ, ಕೆಂಚಾ, ಕೆಂಪಿ ಎಂದು ಮುದ್ದಿನಿಂದ ಕರೆದರೆ ಅದೇ ನಿಂತುಬಿಡುತ್ತದೆ. ಶಾಲೆಗೆ ಸೇರಿಸುವ ದಿನ ಜೊತೆಗೆ ಬಂದವರು ಯಾವ ಹೆಸರನ್ನು ಹೇಳಿದರೋ ಅದೇ ಹಾಜರಿ ಪುಸ್ತಕಕ್ಕೆ ಏರುತ್ತದೆ. ಅಜ್ಜನ ಹೆಸರು ತೊಟ್ಟಿಲಲ್ಲೇ ಉಳಿದು, ತಾಯಿಯ ಮುದ್ದಿನ ಮಾತು ದಾಖಲೆಯ ಹೆಸರಾದ ಕರೆಪ್ಪ, ಕೆಂಚಪ್ಪ ಎಷ್ಟೋ ಮಂದಿ. ತಾಯಿಯ ಪ್ರೀತಿಯಿಂದ ಹುಟ್ಟಿದ ಆ ಮಾತನ್ನು ಮುಂದೆ ಹೀನಾಯವೆಂದು ಬಗೆಯುವುದು ವಿಚಿತ್ರ.

ಕರಿದು ಎಂಬ ಬಣ್ಣವು ಒಕ್ಕಲಿಗನ ಬದುಕಿನಲ್ಲಿ ಎಂದೂ ಕೀಳಾಗಿಲ್ಲ. ಕಾರ್ ಎಂಬ ಒಂದೇ ಶಬ್ದಕ್ಕೆ ಕಪ್ಪು ಎಂದೂ ಮಳೆಗಾಲವೆಂದೂ ಅರ್ಥವಿದೆ. ಮಸಾರಿ ನೆಲಕ್ಕಿಂತ ಎರಿ ಭೂಮಿಯ ಹೊಲಕ್ಕೆ ಬೆಲೆ ಹೆಚ್ಚು. ಜೋಳ ಬೆಳೆಯುವ ಆ ಮಣ್ಣು ಕಪ್ಪೇ. ಕೆಂಚು ಎಂಬುದನ್ನು ಸಂಸ್ಕೃತದಲ್ಲಿ ಹೇಳಬೇಕಾದರೆ ಕಪಿಲ ಎನ್ನಬೇಕು. ಸೊನ್ನಲಿಗೆಯ ಸಿದ್ಧರಾಮರ ಅಂಕಿತದಲ್ಲಿರುವ ಕಪಿಲ ಶಬ್ದವನ್ನು ಭಕ್ತಿಯಿಂದ ಉಚ್ಚರಿಸುವವರು ಕೆಂಚಪ್ಪನ ಹೆಸರಿಗೆ ನಗುವುದು ಭಾಷೆಯ ಅಜ್ಞಾನವಲ್ಲದೆ ಮತ್ತೇನೂ ಅಲ್ಲ. ಕಾಳವ್ವ ಮತ್ತು ಗೌರವ್ವ ಎಂಬ ಹೆಸರುಗಳೂ ಹೀಗೆಯೇ. ಗೌರ ಎಂದರೆ ಬಿಳುಪು ಅಥವಾ ಹೊಂಬಣ್ಣ. ಕಪ್ಪಾಗಿದ್ದ ಪಾರ್ವತಿಯನ್ನು ಶಿವನು ಕಾಳಿ ಎಂದು ಕರೆಯಲು ಅವಳು ತಪಸ್ಸು ಮಾಡಿ ಗೌರವರ್ಣವನ್ನು ಪಡೆದು ಗೌರಿಯಾದಳೆಂದು ಪುರಾಣಗಳು ಹೇಳುತ್ತವೆ. ಎರಡೂ ಒಬ್ಬಳೇ ತಾಯಿಯ ಹೆಸರುಗಳು. ಒಂದನ್ನು ಮೇಲೆಂದು ಇನ್ನೊಂದನ್ನು ಕೀಳೆಂದು ಎಣಿಸಲು ಆಸ್ಪದವಿಲ್ಲ. ವರ್ಣವೆಂಬ ಮಾತಿನ ಎರಡು ಅರ್ಥಗಳಲ್ಲಿ ಒಂದಾದ ಜಾತಿಭೇದವನ್ನು ಶರಣರು ಅಲ್ಲಗಳೆದರು. ಇನ್ನೊಂದಾದ ಮೈಬಣ್ಣದ ಭೇದವನ್ನು ಅವರ ಅನುಯಾಯಿಗಳು ಹೆಸರಿನ ಮೂಲಕ ಮನೆಯೊಳಗೆ ಬಿಟ್ಟುಕೊಳ್ಳುವುದು ಎಷ್ಟು ಸರಿ?

ಇಲ್ಲಿ ಒಂದು ಸೋಜಿಗವೂ ಇದೆ. ಪಂಚಪೀಠಗಳ ಧ್ವಜದ ಹಸಿರು, ಕೆಂಪು, ನೀಲಿ, ಬಿಳಿ, ಹಳದಿ ಎಂಬ ಐದು ಬಣ್ಣಗಳನ್ನು ಜಾತ್ರೆ ಉತ್ಸವಗಳಲ್ಲಿ ಜನರು ಕಾಣುತ್ತಲೇ ಇರುತ್ತಾರೆ. ಆದರೂ ಹಸಿರಪ್ಪನಾಗಲಿ ಹಳದೆವ್ವಳಾಗಲಿ ಯಾವ ಹಳ್ಳಿಯಲ್ಲಿಯೂ ಇಲ್ಲ. ಹಳದಿಯ ಸ್ಥಾನವನ್ನು ಹೊನ್ನಪ್ಪ, ಬಂಗಾರೆವ್ವ ತುಂಬಿದ್ದಾರೆನ್ನಬಹುದು. ಹಸಿರಿಗೆ ಅಷ್ಟೂ ಇಲ್ಲ. ಬಣ್ಣದ ಹೆಸರು ಒಂದೋ ಕೂಸಿನ ಮೈಯಿಂದ, ಇಲ್ಲವೇ ದೇವರ ಮೈಯಿಂದ ಬರತಕ್ಕದ್ದು. ಹಸಿರು ಇವೆರಡರಲ್ಲಿಯೂ ಕಾಣದು ಎಂಬುದೇ ಇದಕ್ಕೆ ಸಮಂಜಸವಾದ ಉತ್ತರ. (ಚನ್ನಪ್ಪನನ್ನು ಚಿನ್ನದೊಡನೆ ಗಂಟುಹಾಕಬಾರದು, ಅವನು ಚೆಲುವಿನವನು. ಬಾಳಪ್ಪನಿಗೂ ಬಾಳೆಯ ಗಿಡಕ್ಕೂ ಸಂಬಂಧವಿಲ್ಲ. ಬಾಳಲಿ ಎಂಬ ಹಾರೈಕೆ ಅದು.)

ಹುಕ್ಕೇರಿಯ ಹೆಸರೇ ಹೂವಿನ ಕೇರಿ ಎಂಬುದರಿಂದ ಬಂದಿತೆಂದೂ, ಇಲ್ಲಿಯ ಗುಲಾಬಿಗಳು ವಿಜಯಪುರದ ಆದಿಲಶಾಹಿ ಅರಸರಿಗೆ ಹೋಗುತ್ತಿದ್ದವೆಂದೂ ಜನರು ಹೇಳುತ್ತಾರೆ. ಹೂವಪ್ಪ, ಹೂವವ್ವ, ಕಮಲವ್ವ ಎಂಬ ಹೆಸರುಗಳಿಗೆ ವಿವರಣೆ ಬೇಕಿಲ್ಲ. ಮರಾಠಿಯ ನೆರೆಯಿಂದ ಚಂಪಾಬಾಯಿ, ಶೇವಂತಾ ಬಂದಿದ್ದಾರೆ. ಜೈನರ ಮನೆಗಳ ಪದ್ಮಣ್ಣನ ಹಿಂದೆ ಕೆಂಪು ವರ್ಣದ ಆರನೆಯ ತೀರ್ಥಂಕರ ಪದ್ಮಪ್ರಭನಿದ್ದಾನೆ. ಒಂದೇ ಓಣಿಯ ಚಾಂದಸಾಬನಿಗೂ ಸೋಮಪ್ಪನಿಗೂ ಹೆಸರು ಕೊಟ್ಟವನು ಒಬ್ಬನೇ ಚಂದ್ರ. ಆದರೆ ಶಿವಭಕ್ತರಿಗೇ ಮೀಸಲಾದ ಒಂದು ಹೆಸರಿದೆ, ಪತ್ರೆಪ್ಪ. ಪತ್ರಿ ಎಂದರೆ ಲಿಂಗಪೂಜೆಯ ಬಿಲ್ವದಳ. ಹೂವು ಯಾವ ದೇವರಿಗೂ ಸಲ್ಲುತ್ತದೆ; ಪತ್ರಿ ಎಂದೊಡನೆ ಶಿವನೇ ನೆನಪಿಗೆ ಬರುತ್ತಾನೆ. ನಿತ್ಯವೂ ಮನೆಮನೆಗೆ ಹೂ ಪತ್ರಿಯನ್ನು ಮುಟ್ಟಿಸುವುದನ್ನೇ ಕಾಯಕವಾಗಿಸಿಕೊಂಡ ಹೂಗಾರ ಮಾದಯ್ಯನನ್ನು ಶರಣರ ಸಾಲಿನಲ್ಲಿ ಎಣಿಸಿದ ಸಮಾಜದಲ್ಲಿ ಮಾತ್ರ ಎಲೆಯೊಂದು ಹೀಗೆ ಮನುಷ್ಯನ ಹೆಸರಾಗಲು ಸಾಧ್ಯ.

ಈಚಿನ ದಶಕಗಳಲ್ಲಿ ಈ ಹೆಸರುಗಳನ್ನು ತಿದ್ದುವ ಕಾರ್ಯದಲ್ಲಿ ಶಾಲೆಯ ಪಾಲೂ ಇದೆ. ಕಲ್ಲವ್ವ ಎಂದು ಹೇಳಿದರೆ ಕಲಾವತಿ ಎಂದು ಬರೆದುಕೊಳ್ಳುವುದು ಬಹಳ ಕಡೆ ನಡೆದ ಸಂಗತಿ. ಊರ ಕಲ್ಮೇಶ್ವರನ ನೆನಪಿಗೆ ಇಟ್ಟ ಹೆಸರು ಅದರಿಂದ ಅಳಿಸಿಹೋಗಿ, ಅರ್ಥಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಬಂದು ಕುಳಿತಿತು. ಹೊಸ ಹೆಸರು ಬೇಕೇ ಬೇಕೆನ್ನುವವರಿಗೆ ದಾರಿಯಿಲ್ಲದೆ ಇಲ್ಲ. ಕಲ್ಲವ್ವನ ಮೊಮ್ಮಗಳು ಶೈಲಾ ಆಗಬಹುದು. ಗಿರೆವ್ವನ ಮೊಮ್ಮಗಳು ಗಿರಿಜಾ, ಕರೆವ್ವನ ಮೊಮ್ಮಗಳು ಶ್ಯಾಮಲಾ, ಅಡಿವೆವ್ವನ ಮೊಮ್ಮಗಳು ವನಜಾ ಆಗಬಹುದು. ಮಲ್ಲವ್ವನ ಮೊಮ್ಮಗಳಿಗೆ ಮಲ್ಲಿಕಾ ಇದ್ದೇ ಇದೆ. ಪತ್ರೆಪ್ಪನ ಮೊಮ್ಮಗನಿಗೆ ಮಾತ್ರ ಅಂಥ ಪರ್ಯಾಯ ದೊರೆಯುವುದು ಕಷ್ಟ. ಅವನನ್ನು ಪತ್ರೆಪ್ಪನೆಂದೇ ಕರೆಯಬೇಕು.