ಹಿತ್ತಲಿನ ಕೋಳಿಗೂಡು: ತಳಿಗಿಂತ ಮೊದಲು ಜಾಗ ನೋಡಿ

ಹಿರೇಕೊಟ್ನೆಕಲ್ (ಮಾನ್ವಿ ತಾಲ್ಲೂಕು): ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಬೇಕೆನ್ನುವವರು ಮೊದಲು ವಿಚಾರಿಸುವುದು ತಳಿಯನ್ನು. ಆದರೆ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಜಿಲ್ಲೆಯಲ್ಲಿ ಕೋಳಿಯ ಅಳಿವು ಉಳಿವು ಬಹುಮಟ್ಟಿಗೆ ಗೂಡಿನ ಜಾಗವನ್ನೇ ಅವಲಂಬಿಸಿದೆ. ಮೊಟ್ಟೆ ಮಾರಿ ಮನೆಖರ್ಚಿಗೆ ನಾಲ್ಕು ಕಾಸು ಕೂಡಿಡುವ ಗೃಹಿಣಿಯ ಪಾಲಿಗೆ ಒಂದೇ ಮಧ್ಯಾಹ್ನದ ಬಿಸಿಲು ವರ್ಷದ ಗಳಿಕೆಯನ್ನು ಕಸಿಯಬಲ್ಲದು.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಸಹಜ ದೇಹೋಷ್ಣತೆಯೇ ಸುಮಾರು 41 ಡಿಗ್ರಿ. ಸುತ್ತಲಿನ ಗಾಳಿ ಅಷ್ಟೇ ಕಾದಾಗ ಏದುಸಿರು ಬಿಡುವುದೊಂದೇ ಅದಕ್ಕುಳಿಯುವ ದಾರಿ. ಆದ್ದರಿಂದ ಪಶ್ಚಿಮದ ಬಿಸಿಲನ್ನು ತಡೆಯುವ ಬೇವು ಅಥವಾ ಹೊಂಗೆಯ ನೆರಳಿರುವ, ಗಾಳಿಯಾಡುವ ಜಾಗವೇ ಉತ್ತಮ. ಮನೆಯ ಗೋಡೆಗೆ ಒತ್ತಿಕೊಂಡ ಮೂಲೆ ಭದ್ರವೆನಿಸಿದರೂ ಅಲ್ಲಿ ಗಾಳಿ ನಿಲ್ಲುತ್ತದೆ, ಕಾದ ಗೋಡೆ ರಾತ್ರಿಯೂ ಶಾಖ ಸೂಸುತ್ತದೆ.

ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ ಬೆಳಗಿನ ಹಾಗೂ ಸಂಜೆಯ ಓರೆ ಬಿಸಿಲು ಕಿರಿದಾದ ಬದಿಗಳಿಗಷ್ಟೇ ಬೀಳುತ್ತದೆ. ಉದ್ದದ ಎರಡೂ ಬದಿಗೆ ಜಾಲರಿ ಹಾಕಿ, ಸೂರನ್ನು ಎರಡು ಅಡಿ ಹೊರಚಾಚಿಸಬೇಕು. ತಗಡಿನ ಮೇಲೆ ಜೋಳದ ದಂಟು ಅಥವಾ ಭತ್ತದ ಹುಲ್ಲು ಹೊದಿಸಿದರೆ ಶಾಖ ತಗ್ಗುತ್ತದೆ.

ಈ ಭಾಗದ ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಕೆಸರಾಗುತ್ತದೆ. ತೇವವಿದ್ದಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ, ರಕ್ತಭೇದಿ ರೋಗದ ಪರಾವಲಂಬಿಗಳು ಹೆಚ್ಚುತ್ತವೆ. ಹಿತ್ತಲಿನ ಎತ್ತರದ ಭಾಗವನ್ನೇ ಆರಿಸಿ, ಗೂಡನ್ನು ಒಂದೆರಡು ಅಡಿ ಎತ್ತರಿಸುವುದು ಲೇಸು. ಭತ್ತ ಬೆಳೆಯುವ ಸೀಮೆಯಾದ್ದರಿಂದ ನೆಲಕ್ಕೆ ಹಾಸಲು ಹೊಟ್ಟು ಸುಲಭವಾಗಿ ಸಿಗುತ್ತದೆ.

ಮುಂಗಾರಿನಲ್ಲಿ ಗಾಳಿ ಬಹುತೇಕ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಹೀಗಾಗಿ ಹಸಿ ವಾಸನೆ ಹೆಚ್ಚುವ ಆ ದಿನಗಳಲ್ಲಿ ಮನೆಯ ಈಶಾನ್ಯಕ್ಕಿರುವ ಗೂಡಿನಿಂದ ಅಡುಗೆಮನೆಗೆ ತೊಂದರೆ ಕಡಿಮೆ. ಅತ್ತ ನೆರೆಮನೆಯ ಕಿಟಕಿ ಇದೆಯೇ ಎಂಬುದನ್ನೂ ಗಮನಿಸಬೇಕು. ಕುಡಿಯುವ ನೀರಿನ ಬಾವಿ, ತೊಟ್ಟಿಗಳಿಂದ ಗೂಡು ದೂರವಿರಲಿ.

ತುಂಗಭದ್ರಾ ಎಡದಂಡೆ ಕಾಲುವೆಯ ಈ ಪ್ರದೇಶದಲ್ಲಿ ಕೆರೆ, ಕಾಲುವೆ, ಗದ್ದೆಗಳಿಗೆ ನೀರುಹಕ್ಕಿಗಳು ಬರುತ್ತವೆ. ಹಕ್ಕಿಜ್ವರದ ವೈರಾಣುವಿಗೆ ಕಾಡು ನೀರುಹಕ್ಕಿಗಳೇ ಸಹಜ ಆಶ್ರಯ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಈ ರೋಗ ಕಾಣಿಸಿಕೊಂಡಾಗ ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ನೀರಿನಂಚಿನಲ್ಲಿ ಗೂಡು ಕಟ್ಟದಿರುವುದೇ ಜಾಣತನ.

ಕೋಳಿಯೊಂದಕ್ಕೆ ಕನಿಷ್ಠ ಎರಡು ಚದರ ಅಡಿ ಜಾಗ ಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ದೊಡ್ಡ ಗಾತ್ರದ ತಳಿಗೆ ಇದಕ್ಕಿಂತ ಹೆಚ್ಚಿದ್ದರೆ ಒಳಿತು. ಬೆಕ್ಕು, ಮುಂಗುಸಿ, ಹಾವುಗಳ ಭಯವಿರುವುದರಿಂದ ಬಾಗಿಲು ಮನೆಯವರ ಕಣ್ಣಳತೆಯಲ್ಲಿರಲಿ, ಜಾಲರಿಯ ಕಣ್ಣು ಅರ್ಧ ಅಂಗುಲ ಮೀರದಿರಲಿ.

ಗೂಡು ಕಟ್ಟುವ ಮುನ್ನ ಆ ಜಾಗವನ್ನು ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೊಮ್ಮೆ, ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ನೋಡಬೇಕು. ಎರಡೂ ಹೊತ್ತಿನಲ್ಲಿ ಮನುಷ್ಯ ನೆಮ್ಮದಿಯಾಗಿ ನಿಲ್ಲಬಹುದಾದ ಜಾಗವೇ ಕೋಳಿಗೂ ಸೂಕ್ತ.