ಮಣಿಕಟ್ಟು ಝಾಡಿಸಿದರೆ ಪುಟ ತಿರುಗಿತು!

ತಲೆಗೊಂದು ಸಾಧನ ಕಟ್ಟಿಕೊಂಡು ಕೋಣೆಯಲ್ಲೇ ಕಾಡು, ಕಡಲು ನೋಡುವ ವರ್ಚುಯಲ್ ರಿಯಾಲಿಟಿ ಮಕ್ಕಳಿಗೆ ಹೊಸದೇನಲ್ಲ. ಕಣ್ಣಿಗೇನೋ ಹಬ್ಬ, ಕೈಗೆ? ಎದುರು ಕಾಣುವ ಚೆಂಡನ್ನು ಹಿಡಿಯಲು ಮೌಸ್, ಕೀಲಿಮಣೆ ಪ್ರಯೋಜನಕ್ಕೆ ಬಾರವು. ಕೈಯ ಚಲನೆಯನ್ನೇ ಕಂಪ್ಯೂಟರಿಗೆ ತಿಳಿಸುವ ಹಿಡಿಕೆ ಬೇಕು. ಈ ವಿದ್ಯೆಯ ಒಂದು ಆರಂಭದ ಪಾಠಕ್ಕೂ ಪೀಣ್ಯದ ನೆರೆಯ ಜಾಲಹಳ್ಳಿಗೂ ನಂಟಿದೆಯೆಂಬುದು ಎಷ್ಟು ಜನರಿಗೆ ಗೊತ್ತು?

ಅದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯವರ ಜೊತೆಗೂಡಿ ರೂಪಿಸಿದ ಅಂಗೈ ಕಂಪ್ಯೂಟರ್. 2001ರಲ್ಲಿ ಇದು ಬೆಳಕು ಕಂಡಿತು. ಓದುಬರಹ ಬಾರದವರೂ ಬಳಸಬೇಕೆಂಬುದು ಗುರಿಯಾದ್ದರಿಂದ ಕೀಲಿಮಣೆಯನ್ನೇ ಕೈಬಿಟ್ಟರು. ಪರದೆ ಮುಟ್ಟಿದರೆ ಕೆಲಸವಾಗುತ್ತಿತ್ತು. ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶವನ್ನೂ ಸಿದ್ಧಪಡಿಸಿದ್ದರು. ಜಾಲಹಳ್ಳಿಯಲ್ಲಿ ನೆಲೆಯೂರಿರುವ ಬಿಇಎಲ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಅದರೊಳಗಿತ್ತು ಅಕ್ಸೆಲೆರೋಮೀಟರ್ ಎಂಬ ವೇಗೋತ್ಕರ್ಷ ಮಾಪಕ. ಮಣಿಕಟ್ಟನ್ನು ಕೊಂಚ ಝಾಡಿಸಿದರೆ ಪುಟ ತಿರುಗುತ್ತಿತ್ತು! ಐಫೋನ್ ಬಂದದ್ದು 2007ರಲ್ಲಿ. ಆದರೇನು, ಅಮಿಡಾ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಬಸ್ಸು ದಿಢೀರನೆ ಹೊರಟರೆ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ? ಮಾಪಕದ ಚಿಪ್ಪಿನಲ್ಲೂ ಅತಿಸೂಕ್ಷ್ಮ ಸ್ಪ್ರಿಂಗಿಗೆ ಕಟ್ಟಿದ ತೂಕವೊಂದು ಹೀಗೆಯೇ ವಾಲುತ್ತದೆ. ಆ ವಾಲನ್ನು ವಿದ್ಯುತ್ ಮೂಲಕ ಅಳೆಯುತ್ತಾರೆ. ಗುರುತ್ವದ ಸೆಳೆತದಿಂದ ನೆಲ ಯಾವ ಕಡೆಗಿದೆಯೆಂದೂ ತಿಳಿಯುತ್ತದೆ. ಆದರೆ ಕೈ ಕೋಣೆಯಲ್ಲಿ ಎಲ್ಲಿದೆ? ವೇಗೋತ್ಕರ್ಷದಿಂದ ವೇಗ, ವೇಗದಿಂದ ದೂರ — ಪಿಯುಸಿಯಲ್ಲಿ ಕಲಿಯುವ ಇಂಟಿಗ್ರೇಷನ್ ಎರಡು ಬಾರಿ. ತೊಡಕಿರುವುದು ಇಲ್ಲೇ. ಮಾಪನದಲ್ಲಿ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಕೇವಲ 1 ಸೆಂಟಿಮೀಟರ್ ತಪ್ಪಿದ್ದರೆ, 10 ಸೆಕೆಂಡಿನಲ್ಲಿ ಅರ್ಧ ಮೀಟರ್, ಒಂದು ನಿಮಿಷದಲ್ಲಿ 18 ಮೀಟರ್ ವ್ಯತ್ಯಾಸ! ಮೇಜಿನ ಮೇಲಿರುವ ಕೈ ಲೆಕ್ಕದಲ್ಲಿ ಪಕ್ಕದ ಮನೆ ಸೇರಿರುತ್ತದೆ.

ಇದಕ್ಕೇ 2016ರ ಎಚ್‌ಟಿಸಿ ವೈವ್ ಹಿಡಿಕೆಗೆ ಕೋಣೆಯ ಮೂಲೆಗಳಿಂದ ಲೇಸರ್ ಹಾಯಿಸಿದರು. ಅದೇ ವರ್ಷದ ಆಕ್ಯುಲಸ್ ಟಚ್ ಹಿಡಿಕೆಯ ಅವಗೆಂಪು ದೀಪಗಳನ್ನು ಕ್ಯಾಮೆರಾ ಗಮನಿಸುತ್ತಿತ್ತು. ಹೊರಗಿನಿಂದ ಸಿಗುವ ಈ ಗುರುತು ಒಳಗಿನ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಎಲೆಕ್ಟ್ರಾನಿಕ್ಸ್, ಗಣಿತ ಎರಡನ್ನೂ ಮೀರಿದ ತಲೆನೋವು ಹಿಡಿಕೆಯ ಆಕಾರದ್ದು. ಅಪ್ಪನ ಕೈಗೂ ಹತ್ತು ವರ್ಷದ ಮಗಳ ಕೈಗೂ ಒಪ್ಪಬೇಕು, ಎಡಚರಿಗೂ ಹೊಂದಬೇಕು, ಅರ್ಧ ಗಂಟೆ ಹಿಡಿದರೂ ನೋಯಬಾರದು.

ಪಾಲಕರೇ, ಮಕ್ಕಳಿಂದ ಮೊಬೈಲ್ ಕಿತ್ತುಕೊಳ್ಳುವ ಮುನ್ನ ಫೈಫಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಸಿ ನೋಡಿ. ಗುರುತ್ವ ಸಹಿತ ವೇಗೋತ್ಕರ್ಷದ ಅಳತೆ ಆರಿಸಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟರೆ 9.8ರ ಆಸುಪಾಸಿನ ಅಂಕಿ ಕಾಣುತ್ತದೆ. ಸುಮ್ಮನೆ ಬಿದ್ದಿರುವ ಫೋನಿಗೆ ಸೊನ್ನೆಯೇಕೆ ಬರಲಿಲ್ಲವೆಂದು ಮಕ್ಕಳನ್ನೇ ಕೇಳಿ.